ಆಕ್ಸಿಜನ್ ಸೆನ್ಸರ್ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಚೆಕ್ ಎಂಜಿನ್ ಲೈಟ್ ಹತ್ತಿದೆ, ಮೈಲೇಜು ಬಿದ್ದಿದೆ, ಸ್ಕ್ಯಾನರ್ ಹಾಕಿದರೆ ‘ಓ2 ಸೆನ್ಸರ್’ ಅಂತ ಬರುತ್ತಿದೆ. ಹಳೇ ಆಲ್ಟೊ, ಸ್ಯಾಂಟ್ರೊ, ವ್ಯಾಗನ್ ಆರ್ ಇಟ್ಟುಕೊಂಡವರಿಗೆ ಮುಂದಿನ ಮಾತು ಬಾಯಿಪಾಠವಾಗಿರುತ್ತದೆ: ‘ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡಿಬಿಡೋಣ.’ ಹೊಸದು ಹಾಕಿಸಿದ ಮೇಲೆ ನಾಲ್ಕು ದಿನ ಸುಮ್ಮನಿದ್ದ ಲೈಟ್ ಐದನೇ ದಿನ ಮತ್ತೆ ಹತ್ತುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಕಿತ್ತು ಎಸೆದ ಸೆನ್ಸರ್ ಎಷ್ಟೋ ಸಲ ನಿಜವನ್ನೇ ಹೇಳುತ್ತಿರುತ್ತದೆ, ಅದು ಬೊಟ್ಟು ಮಾಡಿ ತೋರಿಸಿದ ರೋಗವನ್ನು ಯಾರೂ ಹುಡುಕಿರುವುದಿಲ್ಲ.

ಎಂಜಿನ್ನಿನ ಹೊಗೆ ಹೋಗುವ ಕೊಳವೆಯಲ್ಲಿ ಕೂತಿರುವ ಈ ಸೆನ್ಸರಿನ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಟ್ಟ ಟೊಪ್ಪಿಗೆ. ಅದರ ಹೊರಮೈಗೆ ಎಂಜಿನ್ನಿನ ಹೊಗೆ ತಾಗುತ್ತದೆ, ಒಳಗೆ ಹೊರಗಿನ ಗಾಳಿ ಇರುತ್ತದೆ. ಎರಡೂ ಕಡೆಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದಕ್ಕೆ ತಕ್ಕ ವೋಲ್ಟೇಜು ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲ ಎಂದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿ ಮಿಶ್ರಣ ರಿಚ್ ಆಗಿದ್ದರೆ, 0.8ರಿಂದ 0.9 ವೋಲ್ಟ್. ಆಮ್ಲಜನಕ ಮಿಕ್ಕಿದ್ದರೆ, ಅಂದರೆ ಲೀನ್ ಆಗಿದ್ದರೆ, 0.1 ವೋಲ್ಟಿನ ಆಸುಪಾಸು. ನಡುವಿನ ಗೆರೆ 0.45. ತುದಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಅದು ನೆಟ್ಟಗೆ ಮಾತಾಡುವುದಿಲ್ಲ, ಅದಕ್ಕೇ ಒಳಗೊಂದು ಹೀಟರ್. 1976ರಲ್ಲಿ ಬಾಷ್ ಕಂಪನಿ ವೋಲ್ವೋ ಕಾರಿಗೆ ಮೊದಲ ಬಾರಿ ಕೊಟ್ಟಾಗ ಈ ಹೀಟರ್ ಇರಲಿಲ್ಲ, ಹೊಗೆಯ ಬಿಸಿಯೇ ಗತಿ. (ಕೆಲವು ಕಾರುಗಳಲ್ಲಿ ಟೈಟಾನಿಯಾ ಅಥವಾ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತದೆ. ಇಲ್ಲಿನ ಲೆಕ್ಕ ಅವಕ್ಕೆ ಹೊಂದುವುದಿಲ್ಲ.)

ಒಂದು ಸಂಗತಿ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ: ಸೆನ್ಸರ್ ಪೆಟ್ರೋಲನ್ನು ನೋಡುವುದೇ ಇಲ್ಲ, ಅದಕ್ಕೆ ಕಾಣುವುದು ಆಮ್ಲಜನಕ ಒಂದೇ. ಒಂದು ಪ್ಲಗ್ ಸರಿಯಾಗಿ ಕಿಡಿ ಹಾರಿಸದೆ ಆ ಸಿಲಿಂಡರಿನ ಪೆಟ್ರೋಲ್ ಉರಿಯದೇ ಹೊರಬಿತ್ತು ಎನ್ನಿ. ಪೆಟ್ರೋಲಿನ ಜೊತೆ ಉರಿಯದ ಆಮ್ಲಜನಕವೂ ಬಂತು. ಸೆನ್ಸರ್ ‘ಲೀನ್’ ಎನ್ನುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ಸೈಲೆನ್ಸರಿನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗಳ ಗೊಂಚಲು, ಅದರ ಗ್ಯಾಸ್ಕೆಟ್ ಸೀಳಿದ್ದರೂ ಇದೇ ಪಾಡು. ಹೊಗೆ ಅಲೆ ಅಲೆಯಾಗಿ ಹೋಗುವಾಗ ಆ ಸೀಳು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಬಂದು, ಎಂಜಿನ್ ಬಿಸಿಯಾದಂತೆ ಅಡಗಿದರೆ ಮೊದಲು ಆ ಗ್ಯಾಸ್ಕೆಟ್ಟನ್ನೇ ಅನುಮಾನಿಸಿ.

ಸ್ಕ್ಯಾನರ್ ತೋರಿಸುವ ಕೋಡನ್ನು ಅಕ್ಷರ ಬಿಡದೆ ಓದಬೇಕು. ಪಿ0171 ಬಂದರೆ ‘ಮಿಶ್ರಣ ಲೀನ್ ಆಗಿದೆ’ ಎಂದರ್ಥ, ಸೆನ್ಸರ್ ಕೆಟ್ಟಿದೆ ಎಂದಲ್ಲ. ಪಿ0172 ಅದರ ತಿರುಗುಮುರುಗು. ಪಿ0135 ಹೀಟರ್ ಸರ್ಕ್ಯೂಟಿನದು, ಅದು ಫ್ಯೂಸ್ ಆಗಿರಬಹುದು, ವೈರ್ ಆಗಿರಬಹುದು. ಪಿ0131 ಸಿಗ್ನಲ್ ಕಮ್ಮಿ, ಪಿ0132 ಹೆಚ್ಚು, ಪಿ0134 ಸಿಗ್ನಲ್ ಅಲ್ಲಾಡುತ್ತಲೇ ಇಲ್ಲ. ಪಿ0133 ಬಂದರೆ ಮಾತ್ರ ಸೆನ್ಸರ್ ಮುದಿಯಾಗಿ ನಿಧಾನವಾಗಿದೆ ಎಂಬ ಅನುಮಾನಕ್ಕೆ ಬಲವಿದೆ. ಆಗಲೂ ಎಕ್ಸಾಸ್ಟ್ ಲೀಕ್ ನೋಡದೆ ತೀರ್ಪು ಕೊಡಬೇಡಿ. ನಮ್ಮಲ್ಲಿ ಕಾರುಗಳಿಗೆ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಕೊಡುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಯಲ್ಲಿ ಸಾಕೆಟ್ ಇದ್ದರೂ ಅಗ್ಗದ ಬ್ಲೂಟೂತ್ ಡಾಂಗಲ್‌ಗೆ ಅದು ಉತ್ತರ ಕೊಡದೇ ಹೋಗಬಹುದು. ತೊಂಬತ್ತರ ದಶಕದ ಸುಜುಕಿ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಲೈಟ್ ಮಿನುಗುವುದನ್ನೇ ಎಣಿಸಬೇಕು: ಒಂದು ಮಿನುಗಿ, ನಿಂತು, ಎರಡು ಮಿನುಗಿದರೆ 12, ಎಲ್ಲ ಸರಿ. ಒಂದಾದ ಮೇಲೆ ಮೂರು ಬಂದರೆ 13, ಆಕ್ಸಿಜನ್ ಸೆನ್ಸರ್.

ಮೊದಲು ಹೀಟರ್ ನೋಡೋಣ, ಏಕೆಂದರೆ ಅದಕ್ಕೆ ಐದೇ ನಿಮಿಷ. ಎಂಜಿನ್ ತಣ್ಣಗಿರುವಾಗ ಸೆನ್ಸರಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಬಿಚ್ಚಿ. ನಾಲ್ಕು ವೈರ್ ಇದ್ದರೆ ಅದರಲ್ಲಿ ಒಂದೇ ಬಣ್ಣದ ಜೋಡಿಯೇ ಹೀಟರಿನದು. ಬಾಷ್‌ನಲ್ಲಿ ಎರಡು ಬಿಳಿ, ಸಿಗ್ನಲ್ ಕಪ್ಪು, ಸಿಗ್ನಲ್ ಅರ್ಥ್ ಬೂದು. ಡೆನ್ಸೊ ಕಂಪನಿಯದರಲ್ಲಿ ಸಾಮಾನ್ಯವಾಗಿ ಎರಡು ಕಪ್ಪು ಹೀಟರಿಗೆ, ನೀಲಿ ಸಿಗ್ನಲಿಗೆ, ಬಿಳಿ ಅರ್ಥಿಗೆ. ಬಾಷ್‌ನ ಕಪ್ಪು ಸಿಗ್ನಲ್, ಡೆನ್ಸೊದ ಕಪ್ಪು ಹೀಟರ್! ಹಲವು ಕಾರಿಗೆ ಹೊಂದುವ ಯೂನಿವರ್ಸಲ್ ಸೆನ್ಸರ್ ತಂದು ಬಣ್ಣಕ್ಕೆ ಬಣ್ಣ ಜೋಡಿಸಿದವರು ಎಡವುವುದು ಇಲ್ಲೇ. ಸೆನ್ಸರ್ ಕಡೆಯ ಹೀಟರ್ ಜೋಡಿಗೆ ಮೀಟರನ್ನು ಓಮ್‌ನಲ್ಲಿಟ್ಟು ಹಿಡಿದರೆ ಹೆಚ್ಚಿನ ಸೆನ್ಸರುಗಳು 4ರಿಂದ 15 ಓಮ್ ತೋರಿಸುತ್ತವೆ. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ತಂತಿ ಕಡಿದಿದೆ, ಆಗ ಸೆನ್ಸರ್ ಬದಲಿಸುವುದೇ ದಾರಿ. ಓಮ್ ಸರಿಯಿದ್ದರೆ ಈಗ ಕಾರಿನ ಕಡೆಯ ಕಪ್ಲರ್ ನೋಡಿ. ಎಂಜಿನ್ ಓಡುತ್ತಿರುವಾಗ ಹೀಟರ್ ವೈರ್ ಒಂದರಲ್ಲಿ ಬ್ಯಾಟರಿಯ ವೋಲ್ಟೇಜು ಇರಬೇಕು. ಬರೀ ಇಗ್ನಿಷನ್ ಆನ್ ಮಾಡಿ ನೋಡಿ ‘ಕರೆಂಟೇ ಇಲ್ಲ’ ಎನ್ನಬೇಡಿ, ಕೆಲವು ಗಾಡಿಗಳಲ್ಲಿ ಅದು ಪೆಟ್ರೋಲ್ ಪಂಪಿನ ರಿಲೇ ಮೂಲಕ ಬರುತ್ತದೆ. ಎಂಜಿನ್ ಓಡುವಾಗಲೂ ಇಲ್ಲವೆಂದರೆ ಫ್ಯೂಸ್ ನೋಡಿ. ವೈರ್ ಮ್ಯಾನಿಫೋಲ್ಡಿಗೆ ತಾಗಿ ಕರಗಿ ಕಾರಿನ ಲೋಹದ ಮೈಗೆ ಶಾರ್ಟ್ ಆಗುವುದು, ಅದರಿಂದ ಫ್ಯೂಸ್ ಹೋಗುವುದು ಹಳೇ ಗಾಡಿಗಳಲ್ಲಿ ಮಾಮೂಲು.

ಸಿಗ್ನಲ್ ನೋಡುವಾಗ ಎರಡು ಎಚ್ಚರಿಕೆ. ಸಿಗ್ನಲ್ ವೈರಿಗೆ ಓಮ್ ಮೀಟರ್ ಹಿಡಿಯಲೇಬಾರದು, ಮೀಟರ್ ಹರಿಸುವ ಕರೆಂಟಿಗೇ ಸೆನ್ಸರ್ ಕೆಡಬಹುದು. ಮುಳ್ಳಿನ ಹಳೇ ಮೀಟರ್ ಬೇಡ, 10 ಮೆಗಾಓಮ್ ಇನ್‌ಪುಟ್ಟಿನ ಡಿಜಿಟಲ್ ಮೀಟರೇ ಆಗಬೇಕು. ಕಪ್ಲರ್ ಹಾಕಿಯೇ ಇರಲಿ. ಅದರ ಹಿಂಬದಿಯಿಂದ ರಬ್ಬರ್ ಸೀಲಿನ ಪಕ್ಕ ಒಂದು ಗುಂಡುಪಿನ್ನನ್ನು ಮೆಲ್ಲಗೆ ತೂರಿಸಿ ಸಿಗ್ನಲ್ ಟರ್ಮಿನಲ್ಲಿಗೆ ತಾಗಿಸಿ. ವೈರಿನ ಮೇಲ್ಪದರಕ್ಕೆ ಚುಚ್ಚಬೇಡಿ, ಚುಚ್ಚಿದ ಜಾಗದಲ್ಲಿ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಮೀಟರಿನ ಕಪ್ಪು ಕಡ್ಡಿ ಸಿಗ್ನಲ್ ಅರ್ಥಿಗೆ.

ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಬಿಸಿ ಮಾಡಿ, 2,500 ಆರ್‌ಪಿಎಮ್‌ನಲ್ಲಿ ಹಿಡಿದಿಡಿ. ಮೀಟರ್ 0.2ರಿಂದ 0.8ರ ನಡುವೆ ಉಯ್ಯಾಲೆ ಆಡಬೇಕು. ಹತ್ತು ಸೆಕೆಂಡಿನಲ್ಲಿ ಎಂಟು ಸಲವಾದರೂ 0.45ರ ಗೆರೆ ದಾಟಿದರೆ ಸೆನ್ಸರ್ ಚುರುಕಾಗಿದೆ. ಮೀಟರಿನ ಅಂಕಿ ಆ ವೇಗಕ್ಕೆ ಸರಿಯಾಗಿ ಸಿಗದಿದ್ದರೆ ಕನಿಷ್ಠ-ಗರಿಷ್ಠ ಹಿಡಿದಿಡುವ ಬಟನ್ ಒತ್ತಿ. ಈಗ ಬೇಕೆಂದೇ ಕೆಣಕಬೇಕು. ಆಕ್ಸಿಲರೇಟರನ್ನು ಗಬಕ್ಕನೆ ಒತ್ತಿದರೆ 0.8ರ ಮೇಲೆ ನೆಗೆಯಬೇಕು. ಇಂಟೇಕ್ ಮ್ಯಾನಿಫೋಲ್ಡಿನ ಸಣ್ಣದೊಂದು ವ್ಯಾಕ್ಯೂಮ್ ಪೈಪ್ ಕಿತ್ತರೆ 0.2ರ ಕೆಳಗೆ ಬೀಳಬೇಕು. ಸ್ಕ್ಯಾನರ್ ಇದ್ದರೆ ಇನ್ನೂ ಸಲೀಸು: ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಕಾಲು ತೆಗೆಯಿರಿ, ಪಕ್ಕದವರು ಅಂಕಿ ನೋಡಲಿ. ಪೆಟ್ರೋಲ್ ಕಟ್ ಆಗಿ ಹೊಗೆಯ ಕೊಳವೆಯಲ್ಲಿ ಬರೀ ಗಾಳಿ ಹರಿಯುವುದರಿಂದ ವೋಲ್ಟೇಜು ಸೊನ್ನೆಯ ಹತ್ತಿರ ಬರಬೇಕು. ಎರಡೂ ಕಡೆ ಚಕಚಕನೆ ಓಡಾಡುವ ಸೆನ್ಸರಿಗೆ ರೋಗವಿಲ್ಲ. ಅದು ಸದಾ ‘ಲೀನ್’ ಎಂದು ಕೂಗುತ್ತಿದ್ದರೆ, ಪ್ಲಗ್ ಸರಿಯಿದ್ದು ಎಕ್ಸಾಸ್ಟ್ ಲೀಕ್ ಇಲ್ಲದಿದ್ದ ಪಕ್ಷದಲ್ಲಿ, ಎಂಜಿನ್ ನಿಜವಾಗಿಯೂ ಲೀನ್ ಇದೆ.

ವೋಲ್ಟೇಜು 0.45ರಲ್ಲೇ ಅಂಟಿಕೊಂಡಿದ್ದರೆ? ಹಲವು ಇಸಿಯುಗಳು ಆ ವೈರಿಗೆ ತಾವೇ 0.45 ವೋಲ್ಟ್ ಕೊಟ್ಟಿರುತ್ತವೆ. ಅಂದರೆ ಸೆನ್ಸರ್ ತಣ್ಣಗಿದೆ, ಇಲ್ಲವೇ ವೈರ್ ಕಡಿದಿದೆ. ಕಪ್ಲರ್ ಬಿಚ್ಚಿ ಕಾರಿನ ಕಡೆಯ ಸಿಗ್ನಲ್ ವೈರನ್ನು ಅರ್ಥಿಗೆ ತಾಗಿಸಿ. ಸ್ಕ್ಯಾನರಿನಲ್ಲಿ 0 ವೋಲ್ಟ್ ಬಂದರೆ ಇಸಿಯುವರೆಗಿನ ವೈರ್ ಸರಿ ಇದೆ.

ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಸೆನ್ಸರಿನ ಮಾತು ಕೇಳಿ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಎಂಬ ಅಂಕಿ) ಸಿಗುವ ಗಾಡಿಯಾದರೆ ಅದನ್ನು ಎರಡು ಕಡೆ ಬರೆದುಕೊಳ್ಳಿ, ಐಡ್ಲಿಂಗಿನಲ್ಲಿ ಒಂದು, 2,500ರಲ್ಲಿ ಒಂದು. ಇದಕ್ಕಿಂತ ಒಳ್ಳೇ ಸಾಕ್ಷಿ ಇನ್ನೊಂದಿಲ್ಲ. ಲಾಂಗ್ ಟರ್ಮ್ ಟ್ರಿಮ್, ಅಂದರೆ ಇಸಿಯು ಕಲಿತು ನೆನಪಿಟ್ಟುಕೊಂಡ ಅಂಕಿ, ಐಡ್ಲಿಂಗಿನಲ್ಲಿ +22 ಇದ್ದು 2,500ರಲ್ಲಿ +5ಕ್ಕೆ ಇಳಿದರೆ ಎಲ್ಲೋ ವ್ಯಾಕ್ಯೂಮ್ ಲೀಕ್ ಇದೆ. ಥ್ರಾಟಲ್ ಮುಚ್ಚಿದ್ದಾಗ ಒಳಹೋಗುವ ಗಾಳಿಯೇ ಕಮ್ಮಿ, ಕಳ್ಳದಾರಿಯ ಗಾಳಿ ದೊಡ್ಡ ಪಾಲಾಗುತ್ತದೆ. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಎಂಜಿನ್ನಿನ ಒಳಗಿನ ಆವಿಯನ್ನು ಇಂಟೇಕಿಗೆ ಒಯ್ಯುವುದು), ಇಂಟೇಕ್ ಗ್ಯಾಸ್ಕೆಟ್ ಇವನ್ನು ನೋಡಿ. ಹದಿನೈದು ವರ್ಷದ ರಬ್ಬರ್ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ತಿರುಗಾಮುರುಗಾ ಇದ್ದು, ಲೋಡ್ ಏರಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಫಿಲ್ಟರ್ ಮತ್ತು ಪಂಪ್ ಕಡೆ ಹೋಗಿ.

ಇನ್ನು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಸಾಕು, ಶೇ 20 ಬೆರೆತ ಪೆಟ್ರೋಲಿಗೆ 13.5ರ ಹತ್ತಿರ. ಅಷ್ಟೇ ಗಾಳಿಗೆ ಇಸಿಯು ಹೆಚ್ಚು ಪೆಟ್ರೋಲ್ ಹಾಕಬೇಕು, ಆದ್ದರಿಂದ ಹಳೇ ಲೆಕ್ಕದ ಇಸಿಯುನಲ್ಲಿ ಟ್ರಿಮ್ +8ರ ಸುತ್ತ ನಿಂತರೆ ಅದು ಕಾಯಿಲೆಯಲ್ಲ. ಐಡ್ಲಿಂಗಿನಲ್ಲೂ 2,500ರಲ್ಲೂ ಒಂದೇ ಸಮ ಇರುವುದೇ ಇದರ ಗುರುತು. ಆದರೆ ಮೊದಲೇ +12 ಎಳೆಯುತ್ತಿದ್ದ ಗಾಡಿಗೆ ಈ 8 ಸೇರಿದರೆ ಪಿ0171 ಬರುವ ಸಾಧ್ಯತೆ ಹೆಚ್ಚು, ಬೈಗುಳ ತಿನ್ನುವುದು ಸೆನ್ಸರ್.

ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಯಾದರೆ ಎಲ್ಲಕ್ಕೂ ಮೊದಲು ಸೆನ್ಸರಿನ ಸಿಗ್ನಲ್ ವೈರನ್ನು ಕೈಯಲ್ಲಿ ಹಿಡಿದು ಇಸಿಯು ಕಡೆಗೆ ಸವರಿಕೊಂಡು ಹೋಗಿ. ಹಲವು ಕಿಟ್ಟುಗಳಲ್ಲಿ ಆ ವೈರನ್ನು ಕತ್ತರಿಸಿ ನಡುವೆ ಎಮ್ಯುಲೇಟರ್ ಡಬ್ಬಿ ಕೂರಿಸಿರುತ್ತಾರೆ. ಗ್ಯಾಸಿನಲ್ಲಿ ಓಡುವಾಗ ಅದು ಇಸಿಯುಗೆ ಸುಳ್ಳು ಉಯ್ಯಾಲೆ ತೋರಿಸುತ್ತದೆ. ಡಬ್ಬಿ ಕೆಟ್ಟರೆ ಪೆಟ್ರೋಲಿನಲ್ಲೂ ಅದೇ ಸುಳ್ಳು. ಕಿಟ್ ತೆಗೆಸಿದ ಮೇಲೂ ಡಬ್ಬಿ ಟೇಪಿನೊಳಗೆ ಉಳಿದುಬಿಟ್ಟಿರುವುದುಂಟು.

ಇಷ್ಟೆಲ್ಲ ನೋಡಿ ಸೆನ್ಸರೇ ಸತ್ತಿದೆ ಎಂದಾದರೆ ಬಿಚ್ಚಿ. ಹೀಟರ್ ಇಲ್ಲದ್ದು 50ರಿಂದ 80 ಸಾವಿರ ಕಿಲೋಮೀಟರ್, ಹೀಟರ್ ಇರುವುದು ಲಕ್ಷ, ಒಂದೂವರೆ ಲಕ್ಷ ಬಾಳುತ್ತದೆ. ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಲೋಹ ಬೆಚ್ಚಗಿರುವಾಗ, ವೈರ್ ದಾಟಲು ಪಕ್ಕದಲ್ಲಿ ಸೀಳಿರುವ 22 ಎಂಎಂ ಸಾಕೆಟ್ ಹಾಕಿ. ಸಾಮಾನ್ಯ ಸ್ಪ್ಯಾನರ್ ಜಾರಿ ಷಡ್ಭುಜ ಸವೆದುಹೋದರೆ ಆಮೇಲೆ ಗೋಳು. ಅರ್ಧ ಸುತ್ತು ಬಂದು ಬಿಗಿಯಾದರೆ ವಾಪಸ್ ತಿರುಗಿಸಿ, ಮತ್ತೆ ಎಣ್ಣೆ. ಥ್ರೆಡ್ ಹರಿದರೆ ಎಂ18×1.5 ಟ್ಯಾಪ್ ಹೊಡೆಯಬೇಕಾಗುತ್ತದೆ.

ಹೊರಬಂದ ತುದಿಯನ್ನು ಒರೆಸಬೇಡಿ, ಮೊದಲು ನೋಡಿ. ಒಣ ಕಪ್ಪು ಮಸಿ ಇದ್ದರೆ ಎಂಜಿನ್ ರಿಚ್ ಓಡಿದೆ. ಕಂದು ಅಥವಾ ಬೂದು ಬಣ್ಣದ ಗಟ್ಟಿ ಪದರವಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಪುಡಿಯಿದ್ದರೆ ಗ್ಯಾಸ್ಕೆಟ್ಟಿಗೆ ಸಿಕ್ಕಾಪಟ್ಟೆ ಬಳಿದ ಸಿಲಿಕೋನ್ ಪೇಸ್ಟಿನ ಆವಿ ಬಡಿದಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೂಲಕ ಕೂಲೆಂಟ್ ಸೇರುತ್ತಿದೆ. ಮೂಲ ಸರಿಮಾಡದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪೆಟ್ರೋಲಿನಲ್ಲೋ ಆಸಿಡ್ಡಿನಲ್ಲೋ ನೆನೆಹಾಕಿ ತೊಳೆಯುವ ವಿಡಿಯೋಗಳನ್ನು ನಂಬಬೇಡಿ. ಮಸಿ ಎಂಜಿನ್ ಸರಿಯಾದರೆ ತಾನೇ ಉರಿದುಹೋಗುತ್ತದೆ, ಸಿಲಿಕೋನ್ ಯಾವುದಕ್ಕೂ ಜಗ್ಗುವುದಿಲ್ಲ. ಗುಜರಿಯ ಸೆನ್ಸರ್ ಕೂಡ ಬೇಡ.

ಹೊಸದರ ಥ್ರೆಡ್ಡಿಗೆ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಬಳಿಯುವ ಪೇಸ್ಟ್) ಕಂಪನಿಯಿಂದಲೇ ಬಂದಿದ್ದರೆ ಮತ್ತೆ ಬಳಿಯಬೇಡಿ. ಇಲ್ಲದಿದ್ದರೆ ಥ್ರೆಡ್ಡಿಗೆ ಮಾತ್ರ ತೆಳ್ಳಗೆ, ತುದಿಗೆ ಒಂದಿಷ್ಟೂ ಸೋಕಬಾರದು. ಕೈಯಲ್ಲೇ ಪೂರ್ತಿ ತಿರುಗಿಸಿ, ಕೊನೆಗೆ 40ರಿಂದ 50 ನ್ಯೂಟನ್ ಮೀಟರ್ ಬಿಗಿ. ಕೈಜಾರಿ ನೆಲಕ್ಕೆ ಬಿದ್ದದ್ದನ್ನು ಹಾಕಬೇಡಿ, ಒಳಗಿನ ಪಿಂಗಾಣಿ ಸೀಳಿದ್ದು ಹೊರಗೆ ಕಾಣುವುದಿಲ್ಲ. ವೈರ್ ಜೋಡಿಸಬೇಕಾದರೆ ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಒತ್ತಿ), ಬೆಸುಗೆ ಬೇಡ. ಹೋಲಿಕೆಗೆ ಬೇಕಾದ ಹೊರಗಿನ ಗಾಳಿ ಎಷ್ಟೋ ಸೆನ್ಸರುಗಳಲ್ಲಿ ವೈರಿನ ಎಳೆಗಳ ಸಂದಿಯಿಂದಲೇ ಒಳಹೋಗುತ್ತದೆ, ಸೀಸ ತುಂಬಿದರೆ ಉಸಿರು ಕಟ್ಟುತ್ತದೆ. ಕಪ್ಲರಿಗೆ ಗ್ರೀಸ್ ತುಂಬಬಾರದು ಎನ್ನುವುದೂ ಅದಕ್ಕೇ.

ಕೋಡ್ ಅಳಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಹತ್ತು ನಿಮಿಷ ಬಿಚ್ಚಿಡಿ, ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಕಲಿತ ಟ್ರಿಮ್ ಅಳಿಸಿಹೋಗುತ್ತದೆ. ಸ್ಟೀರಿಯೋಗೆ ಕೋಡ್ ಇದ್ದರೆ ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಗುಂಡುಪಿನ್, ಅದೇ 2,500 ಆರ್‌ಪಿಎಮ್, ಹೊಸ ಸೆನ್ಸರಿನ ಉಯ್ಯಾಲೆಯನ್ನೂ ಒಮ್ಮೆ ಎಣಿಸಿ ಬಾನೆಟ್ ಮುಚ್ಚಿ.