ಅಣ್ಣಾ, ನೀವ್ಯಾಕೆ ಎಲೆಕ್ಷನ್‌ಗೆ ನಿಲ್ಲಬಾರದು?

ನಾನು ಕನ್ನಡದಲ್ಲಿ ಸ್ಟ್ಯಾಂಡಪ್ ಕಾಮಿಡಿ ಮಾಡುತ್ತೇನೆ. ರಸ್ತೆ ಗುಂಡಿ, ಮರಿ ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸು, ಗೃಹಪ್ರವೇಶದ ಊಟದಲ್ಲಿ ದೇಶ ಆಳುವ ನನ್ನ ಮಾವ, ಇವೇ ನನ್ನ ಬಂಡವಾಳ. ಶೋ ಮುಗಿದ ಮೇಲೆ ಸೆಲ್ಫಿಗೆ ಬರುವ ಹುಡುಗರಲ್ಲಿ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ: "ಅಣ್ಣಾ, ನೀವ್ಯಾಕೆ ಎಲೆಕ್ಷನ್‌ಗೆ ನಿಲ್ಲಬಾರದು? ಸುಮ್ನೆ ತಮಾಷೆಗೇ ನಿಲ್ಲಿ. ನಾವೆಲ್ಲ ವೋಟ್ ಹಾಕ್ತೀವಿ."

ಅಮ್ಮನದೂ ಇದೇ ರಾಗ. "ಮುಖ್ಯಮಂತ್ರಿ ಚಂದ್ರು ಗೌರಿಬಿದನೂರಲ್ಲಿ ಗೆಲ್ಲಲಿಲ್ವೇನೋ?" ಗೆದ್ದರು, 1985ರಲ್ಲಿ. ಆದರೆ ಅವರು ಪಕ್ಷದ ಟಿಕೆಟ್ ತಗೊಂಡು ಸೀರಿಯಸ್ಸಾಗಿ ನಿಂತವರು. ಹುಡುಗರು ಕೇಳುತ್ತಿರುವುದು ಅದಲ್ಲ. ಎಲೆಕ್ಷನ್ನನ್ನೇ ಒಂದು ಜೋಕ್ ಮಾಡಿ ತೋರಿಸು ಅಂತ.

ಹಾಗೆ ಮಾಡಿ ನೋಡಿದವರು ಇದ್ದಾರೆ. ನನಗೆ ಮೊದಲು ನೆನಪಾಗುವುದು ಅಮೆರಿಕದ ಸ್ಟೀಫನ್ ಕೋಲ್ಬೇರ್. ಟಿವಿಯಲ್ಲಿ ಬಾಯಿಬಡುಕ ಬಲಪಂಥೀಯ ನಿರೂಪಕನ ವೇಷ ಹಾಕಿ ನಗಿಸುತ್ತಿದ್ದ ಮನುಷ್ಯ. 2007ರ ಅಕ್ಟೋಬರ್‌ನಲ್ಲಿ ಅದೇ ಶೋನಲ್ಲಿ, ತಾನೂ ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೇನೆ ಅಂದುಬಿಟ್ಟ. ಅದೂ ತನ್ನ ತವರು ಸೌತ್ ಕೆರೊಲಿನಾ ಒಂದರಲ್ಲೇ. ಅದೂ ಎರಡೂ ಪಕ್ಷಗಳಿಂದ! ಹದಿನಾರು ವರ್ಷದ ಹುಡುಗನೊಬ್ಬ ಫೇಸ್‌ಬುಕ್‌ನಲ್ಲಿ ಅವನ ಪರ ಗುಂಪು ತೆರೆದ. ಹತ್ತು ದಿನದೊಳಗೆ ಅದಕ್ಕೆ ಹತ್ತು ಲಕ್ಷ ಜನ ಸೇರಿದರು. ಒಬಾಮಾ ಹೆಸರಿನಲ್ಲಿದ್ದ ಅಂಥದ್ದೇ ಗುಂಪು ತಿಂಗಳುಗಟ್ಟಲೆ ಒದ್ದಾಡಿದರೂ ಅದರ ಅರ್ಧ ಮುಟ್ಟಿರಲಿಲ್ಲ.

ಅಲ್ಲಿ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸಲು ಮೊದಲು ಒಂದೊಂದು ರಾಜ್ಯದಲ್ಲೂ ಒಂದು ಮತದಾನ ನಡೆಯುತ್ತದೆ. ಅದರ ಮತಪತ್ರದಲ್ಲಿ ಹೆಸರು ಬರಲು ಕಟ್ಟಬೇಕಾದ ಫೀಸಿನ ಮಾತು ಆಮೇಲೆ ಬಂತು. ರಿಪಬ್ಲಿಕನ್ನರು 35,000 ಡಾಲರ್ ಕೇಳಿದರು. ಜಾಸ್ತಿಯಾಯಿತು ಅಂತ ಕೋಲ್ಬೇರ್ ಡೆಮಾಕ್ರಟ್ಟರ ಹತ್ತಿರ ಹೋಗಿ 2,500 ಡಾಲರ್ ಕಟ್ಟಿದ. ಅವರ ರಾಜ್ಯ ಸಮಿತಿ ಸಭೆ ಸೇರಿ ವೋಟು ಹಾಕಿತು: ಬೇಡ ಅಂದವರು 13, ಬೇಕು ಅಂದವರು 3. ಅಲ್ಲಿಗೆ ಮುಗಿಯಿತು. ಹತ್ತು ಲಕ್ಷ ಲೈಕು ಒಂದು ಕಡೆ, ಹದಿನಾರು ಜನರ ಮೀಟಿಂಗು ಒಂದು ಕಡೆ. ಆ ಗುಂಪು ತೆರೆದ ಹುಡುಗನಿಗಂತೂ ವೋಟು ಹಾಕುವ ವಯಸ್ಸೇ ಆಗಿರಲಿಲ್ಲ.

2012ರಲ್ಲಿ ಕೋಲ್ಬೇರ್ ಮತ್ತೆ ಬಂದ. ಈ ಸಲ ಹೆಸರು ಸೇರಿಸುವ ದಿನವೇ ದಾಟಿಹೋಗಿತ್ತು. ಆದರೆ ಕಣದಿಂದ ಹಿಂದೆ ಸರಿದಿದ್ದ ಹರ್ಮನ್ ಕೇನ್ ಎಂಬುವರ ಹೆಸರು ರಿಪಬ್ಲಿಕನ್ನರ ಮತಪತ್ರದಲ್ಲಿ ಹಾಗೇ ಉಳಿದಿತ್ತು. "ಕೇನ್‌ಗೆ ಹಾಕಿ, ಅದು ನನಗೇ ಹಾಕಿದ ಹಾಗೆ" ಅನ್ನುವುದು ಕೋಲ್ಬೇರ್‌ನ ಪ್ರಚಾರ. ಚಾರ್ಲ್ಸ್‌ಟನ್ ಕಾಲೇಜಿನ ಅಂಗಳದಲ್ಲಿ ಕೇನ್ ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ರ‍್ಯಾಲಿ ಮಾಡಿದ. ಸಾವಿರಾರು ಜನ, ಅದರಲ್ಲೂ ಸ್ಟೂಡೆಂಟ್‌ಗಳು, ಕಿಕ್ಕಿರಿದು ಕೂಗಿದರು. ಮಾರನೇ ದಿನ ಮತದಾನ. ಕೇನ್‌ಗೆ ಬಿದ್ದದ್ದು ಶೇಕಡಾ 1ರ ಆಸುಪಾಸು.

ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸೀಟಿ ಹೊಡೆಯುವವರೆಲ್ಲ ಟಿಕೆಟ್ ತಗೊಂಡು ಬಂದವರಲ್ಲ ಅಂತ ಯಾವ ಶೋ ಆರ್ಗನೈಸರನ್ನು ಕೇಳಿದರೂ ಹೇಳುತ್ತಾನೆ.

ಹಾಗಂತ ಕೋಲ್ಬೇರ್ ಸೋತ ಅಂತ ನಾನು ಹೇಳಲ್ಲ. ಅವನ ನಿಜವಾದ ಕೆಲಸ ನಡೆದದ್ದು ಫಾರಂ ತುಂಬುವುದರಲ್ಲಿ. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಗಳಿಗೆ ಚುನಾವಣೆಯಲ್ಲಿ ಮಿತಿಯಿಲ್ಲದೆ ಖರ್ಚು ಮಾಡಲು ದಾರಿ ಬಿಟ್ಟಿತ್ತು. ಅಭ್ಯರ್ಥಿಯ ಜೊತೆ ಕೈಜೋಡಿಸಬಾರದು, ಅಷ್ಟೇ ಷರತ್ತು. ಇಂಥ ದುಡ್ಡು ಎತ್ತುವ ಸಂಸ್ಥೆಗೆ ಸೂಪರ್ ಪ್ಯಾಕ್ ಅನ್ನುತ್ತಾರೆ. ಕೋಲ್ಬೇರ್ ತಾನೇ ಒಂದು ತೆರೆದ. ಲಾಯರನ್ನು ಶೋಗೆ ಕರೆಸಿ ಒಂದೊಂದೇ ಫಾರಂ ತೋರಿಸಿ ಕೇಳುತ್ತಿದ್ದ: ಇಷ್ಟೇನಾ? ಇದು ಕಾನೂನುಬದ್ಧಾನಾ? ತಾನೇ ಅಭ್ಯರ್ಥಿಯಾಗುವ ಮಾತು ಬಂದಾಗ ಸಂಸ್ಥೆಯನ್ನು ಕ್ಯಾಮೆರಾ ಮುಂದೆಯೇ ಗೆಳೆಯ ಜಾನ್ ಸ್ಟುವರ್ಟ್‌ಗೆ ಬರೆದುಕೊಟ್ಟ. ಒಂದು ಹಾಳೆ, ಒಂದು ಸಹಿ. ಹೆಂಡತಿ ಹೆಸರಿಗೆ ಸೈಟು ಬರೆದಷ್ಟು ಸಲೀಸು. ಜನ ನಗುತ್ತಾ ನಗುತ್ತಾ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟರು. ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು. ಚುನಾವಣೆಯ ದುಡ್ಡಿನ ವಿಷಯದಲ್ಲಿ ನ್ಯೂಸ್ ಚಾನೆಲ್ ನೋಡಿದವರಿಗಿಂತ ಈ ಶೋ ನೋಡಿದವರಿಗೇ ಜಾಸ್ತಿ ತಿಳಿದಿತ್ತು.

ಸರಿ, ಗೆದ್ದುಬಿಟ್ಟರೆ? ಐಸ್‌ಲ್ಯಾಂಡಿನ ಯೋನ್ ಗ್ನಾರ್ ಗೆದ್ದೇಬಿಟ್ಟ. 2008ರಲ್ಲಿ ಬ್ಯಾಂಕುಗಳು ಮುಳುಗಿ ಜನ ರೊಚ್ಚಿಗೆದ್ದಿದ್ದರು. ಈ ಕಾಮಿಡಿಯನ್ 'ಬೆಸ್ಟ್ ಪಾರ್ಟಿ' ಅಂತ ಕಟ್ಟಿದ. ಈಜುಕೊಳಗಳಲ್ಲಿ ಫ್ರೀ ಟವೆಲ್, ಝೂಗೆ ಹಿಮಕರಡಿ, ಜೊತೆಗೆ ಕೊಟ್ಟ ಮಾತು ಮುರಿಯುವುದಾಗಿ ಮುಂಚಿತವಾಗಿಯೇ ಮಾತು! 2010ರಲ್ಲಿ ರೇಕ್ಯಾವಿಕ್ ನಗರಸಭೆಯ 15 ಸೀಟುಗಳಲ್ಲಿ 6 ಬಂದವು. ಮೇಯರ್ ಆದ. ಕುರ್ಚಿಯಲ್ಲಿ ಕೂತಾಗ ಕಂಡದ್ದು ಕರಡಿಯಲ್ಲ, ನಗರದ ವಿದ್ಯುತ್ ಕಂಪನಿಯ ಬೆಟ್ಟದಷ್ಟು ಸಾಲ. ದರ ಏರಿಸಬೇಕಾಯಿತು, ನೌಕರರನ್ನು ಮನೆಗೆ ಕಳಿಸಬೇಕಾಯಿತು. ನಾಲ್ಕು ವರ್ಷ ಪೂರ್ತಿ ಮಾಡಿ, 2014ರಲ್ಲಿ ಮತ್ತೆ ನಿಲ್ಲಲಿಲ್ಲ. ಕರೆಂಟ್ ಬಿಲ್ ಏರಿಸಿದ ಮೇಲೆ ಅದರ ಮೇಲೇ ಜೋಕ್ ಹೇಳುವ ಧೈರ್ಯ ನನಗಂತೂ ಇಲ್ಲ.

ನಮ್ಮ ಕಡೆ? 2024ರಲ್ಲಿ ಮೋದಿಯವರ ಮಿಮಿಕ್ರಿ ಮಾಡುವ ಶ್ಯಾಮ್ ರಂಗೀಲಾ ವಾರಾಣಸಿಯಲ್ಲಿ ಅವರ ವಿರುದ್ಧವೇ ನಾಮಪತ್ರ ಹಾಕಿದರು. ಪರಿಶೀಲನೆಯಲ್ಲೇ ತಿರಸ್ಕಾರವಾಯಿತು. ಇಲ್ಲೂ ಆಟ ಮುಗಿದದ್ದು ಮತಗಟ್ಟೆಯಲ್ಲಲ್ಲ, ಟೇಬಲ್ಲಿನ ಮೇಲೆ.

ಹೋದ ಸಲ ತುಮಕೂರಿನಲ್ಲಿ ಇದೇ ಪ್ರಶ್ನೆ ಬಂದಾಗ ನಾನೇ ತಿರುಗಿಸಿ ಕೇಳಿದೆ. ಸುತ್ತ ಹನ್ನೆರಡು ಜನ ಇದ್ದರು. "ವೋಟರ್ ಐಡಿ ಎಷ್ಟು ಜನಕ್ಕಿದೆ?" ಏಳು ಕೈ ಎದ್ದವು. "ಅದರಲ್ಲಿ ಇಲ್ಲೇ ವೋಟಿರೋದು ಎಷ್ಟು ಜನಕ್ಕೆ?" ಐದು ಕೈ ಇಳಿದವು. ಹಾಸ್ಟೆಲ್ ಹುಡುಗರು, ವೋಟು ಊರಲ್ಲಿ. ಫಾರಂ 8 ತುಂಬಿದರೆ ಇಲ್ಲಿಗೇ ವರ್ಗ ಮಾಡಿಸಿಕೊಳ್ಳಬಹುದು ಅಂದೆ. ಐಡಿ ಇಲ್ಲದವರಿಗೆ ಫಾರಂ 6. ಹದಿನೆಂಟು ತುಂಬಿದವರು ಮೊದಲಿನ ಹಾಗೆ ಜನವರಿ 1ಕ್ಕೇ ಕಾಯಬೇಕಿಲ್ಲ, ವರ್ಷಕ್ಕೆ ನಾಲ್ಕು ಸಲ ಅವಕಾಶ ಇದೆ ಅಂತಲೂ ಹೇಳಿದೆ. ಜೋಕಿಗೆ ನಕ್ಕಷ್ಟು ಇದಕ್ಕೆ ನಗಲಿಲ್ಲ, ಪಾಪ. ದಪ್ಪ ಕನ್ನಡಕದ ಒಬ್ಬ ಮಾತ್ರ ಫೋನ್ ತೆಗೆದು ಬರೆದುಕೊಂಡ.

ಮೂರು ವಾರದ ಮೇಲೆ ಅವನದೇ ಮೆಸೇಜು, ಸ್ಕ್ರೀನ್‌ಶಾಟ್ ಸಮೇತ. "ಅಣ್ಣಾ, ಫಾರಂ 8 ಹಾಕಿದೆ. ಈಗ್ಲಾದ್ರೂ ನಿಲ್ತೀರಾ?"

"ಅಸೆಂಬ್ಲಿಗೆ ಠೇವಣಿ 10,000 ರೂಪಾಯಿ. ಬಿದ್ದ ವೋಟಲ್ಲಿ ಆರನೇ ಒಂದು ಭಾಗ ಬರದಿದ್ರೆ ವಾಪಸ್ ಬರಲ್ಲ. ನೀನು ಕಟ್ತೀಯಾ?" ಅಂತ ಕಳಿಸಿದೆ.

ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.