ಮೆರೂನ್ ಸೀರೆ ಹಸಿರಾದದ್ದು ಹೇಗೆ

ಹೊಸ ಪಿಸಿ ಇದ್ದಕ್ಕಿದ್ದಂತೆ ನಿಂತು ಬ್ಲೂ ಸ್ಕ್ರೀನ್ (ಎರರ್ ತೋರಿಸುವ ನೀಲಿ ಪರದೆ) ಬಂತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: "ವಿಂಡೋಸ್ ಇನ್ನೊಂದ್ಸಲ ಹಾಕಿ ನೋಡಿ." ಅಂಗಡಿಯವರು ಫೋನಿನಲ್ಲಿ ನನಗೂ ಅದನ್ನೇ ಹೇಳಿದರು. ಹಾಕಲು ಹೋದೆ. ಫೈಲ್ ಹಾಳಾಗಿದೆ ಅಂತ ಹೇಳಿ ಅದು ಅರ್ಧಕ್ಕೇ ನಿಂತಿತು. ಅದೇ ಪೆನ್‌ಡ್ರೈವ್‌ನಿಂದ ನನ್ನ ತಮ್ಮ ತನ್ನ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಿಕೊಂಡಿದ್ದ, ಯಾವ ತಕರಾರೂ ಬಂದಿರಲಿಲ್ಲ. ಅಂದರೆ ತೊಂದರೆ ಇದ್ದದ್ದು ನನ್ನ ಪಿಸಿಯಲ್ಲೇ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡುವವಳು. ಹಳೇ ಮಷೀನು ಫೋಟೋ ತೆರೆಯಲೂ ತಿಣುಕುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತರಿಸಿ, ತಮ್ಮನ ಜೊತೆ ಕೂತು ಜೋಡಿಸಿದೆ. ರೈಝನ್ 7 7700 ಪ್ರೊಸೆಸರ್, ಬಿ650 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5 (ಹೊಸ ಪೀಳಿಗೆಯ) ರ‍್ಯಾಮ್ ಕಡ್ಡಿ. ಎರಡು ಕಡ್ಡಿ ಒಟ್ಟಿಗೇ ಬರುವ ಕಿಟ್ ಸ್ಟಾಕ್ ಇರಲಿಲ್ಲ. ಅದೇ ಮಾಡೆಲ್ಲಿನ ಎರಡು ಬಿಡಿ ಕಡ್ಡಿ ಕಳಿಸಿದರು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು. ತಮ್ಮ ಗಾಬರಿಯಾಗಿ ಪ್ಲಗ್ ಕೀಳಲು ಹೊರಟ. "ಸುಮ್ನೆ ಇರೋ, ಸ್ವಲ್ಪ ತಡಿ" ಅಂದೆ. ಡಿಡಿಆರ್5 ಬಂದಮೇಲೆ ಬೋರ್ಡು ಮೊದಲ ಸಲ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷವೇ ತೆಗೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಬೋರ್ಡ್ ಸತ್ತಿದೆ ಅಂತ ವಾಪಸ್ ಕೊಡುವವರೂ ಇದ್ದಾರೆ.

ಆಮೇಲೆ ಶುರುವಾಯಿತು ಕಾಟ. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬ್ಲೂ ಸ್ಕ್ರೀನ್. ಇನ್ನೊಂದು ಸಲ ಪೇಜ್ ಫಾಲ್ಟ್. ಮಗದೊಮ್ಮೆ ಬ್ಲೂ ಸ್ಕ್ರೀನೇ ಇಲ್ಲ, ಕ್ರೋಮ್ ಟ್ಯಾಬ್ ಮಾತ್ರ ಸತ್ತುಹೋಗುತ್ತಿತ್ತು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಎರರ್, ಅದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತದೆ. ಎರರ್ ಪ್ರತಿಸಲ ವೇಷ ಬದಲಿಸಿದರೆ ಮೊದಲು ರ‍್ಯಾಮ್ ನೋಡಬೇಕು.

ನನಗೆ ನಿಜವಾಗಿ ಹೊಟ್ಟೆ ತೊಳಸಿದ್ದು ಮಾತ್ರ ಬ್ಲೂ ಸ್ಕ್ರೀನ್ ಅಲ್ಲ, ಒಂದು ಫೋಟೋ. ಧಾರೆ ಸಮಯದ್ದು. ಮದುಮಗಳ ಸೊಂಟದವರೆಗೆ ಸೀರೆ ಮೆರೂನ್, ಅಲ್ಲಿಂದ ಕೆಳಕ್ಕೆ ಹಸಿರು. ಗೆರೆ ಎಳೆದ ಹಾಗೆ. ಕ್ಯಾಮೆರಾ ಕಾರ್ಡಿನಲ್ಲಿದ್ದ ಮೂಲ ಫೋಟೋ ಸರಿಯಾಗೇ ಇತ್ತು, ಹಾಳಾಗಿದ್ದು ನನ್ನ ಕಾಪಿ. ಜೆಪೆಗ್‌ನಲ್ಲಿ ಫೋಟೋವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚುಕಮ್ಮಿ ಅಂತ ಬರೆದಿರುತ್ತಾರೆ. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ಅಲ್ಲಿಂದ ಮುಂದಿನದ್ದೆಲ್ಲ ಕೆಡಬಹುದು. ಫೈಲ್ ಕಾಪಿ ಆಗುವುದೇ ರ‍್ಯಾಮ್ ಮೂಲಕ ಅಲ್ವಾ? ಡಿಸ್ಕಿಗೆ ಹೋಗುವ ಮೊದಲೇ ಅದು ಕೆಟ್ಟಿತ್ತು, ವಿಂಡೋಸ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಬ್ಲೂ ಸ್ಕ್ರೀನ್ ಬಂದರೆ ಕೆಲಸವಾದರೂ ನಿಲ್ಲುತ್ತದೆ. ಇದು ಸದ್ದಿಲ್ಲದೆ ಗಿರಾಕಿಯ ಫೋಟೋ ತಿನ್ನುತ್ತಿತ್ತು.

ಅನುಮಾನ ಗಟ್ಟಿ ಮಾಡಿಕೊಳ್ಳಲು ಒಂದು ದೊಡ್ಡ ವಿಡಿಯೋ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಸಂಕೇತ, ತೆಗೆದೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್ ಸಾಕು. ಫೈಲ್ ಬದಲಾಗದಿದ್ದರೆ ಹ್ಯಾಶ್ ಬದಲಾಗುವ ಹಾಗೇ ಇಲ್ಲ. ಅದೇ ಫೈಲಿಗೆ ಮತ್ತೆ ತೆಗೆದರೆ ಬೇರೆಯೇ ಹ್ಯಾಶ್ ಬಂತು!

ವಿಂಡೋಸಿನದೇ ಮೆಮೊರಿ ಡಯಾಗ್ನಸ್ಟಿಕ್ ಓಡಿಸಿದೆ. ಏನೂ ತೊಂದರೆ ಇಲ್ಲ ಅಂತು. ಅದರ ಮಾತು ನಂಬಿ ಕೂರಬೇಡಿ. ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ರಾತ್ರಿ ಓಡಲು ಬಿಟ್ಟು ಮಲಗಿದೆ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡಿಸಬಹುದು, 32 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಬೆಳಿಗ್ಗೆ ನೋಡಿದರೆ ಕೆಂಪು ಸಾಲುಗಳು. ಒಂದು ಕಡೆ ಮೆಮೊರಿಗೆ ಬರೆದ ಅಂಕಿ, ಪಕ್ಕದಲ್ಲಿ ವಾಪಸ್ ಓದಿದ ಅಂಕಿ. ಉದ್ದಕ್ಕೂ ಒಂದೇ ಥರ, ನಡುವೆ ಒಂದು ಅಕ್ಷರ ಮಾತ್ರ ಬೇರೆ.

"ಹಾಗಾದ್ರೆ ಒಂದು ಕಡ್ಡಿ ಕೆಟ್ಟಿದೆ ಅಕ್ಕ" ಅಂದ ತಮ್ಮ. ಒಂದೊಂದೇ ಹಾಕಿ ನೋಡಿದೆವು, ಅದೇ ಸ್ಲಾಟಿನಲ್ಲಿ, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು. ಮೊದಲನೆಯ ಕಡ್ಡಿ ಪಾಸ್. ಎರಡನೆಯದೂ ಪಾಸ್! ನಾಲ್ಕನೇ ಸ್ಲಾಟೂ ಸರಿ ಇತ್ತು. ಎರಡನ್ನೂ ಒಟ್ಟಿಗೆ ಹಾಕಿದ ಕೂಡಲೇ ಮತ್ತೆ ಕೆಂಪು. ಕೊನೆಗೆ ಬಯಾಸಿಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ, ಕಡ್ಡಿಗಳನ್ನು ಡಬ್ಬದ ಮೇಲೆ ಬರೆದ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಆಫ್ ಮಾಡಿದೆ. ರ‍್ಯಾಮ್ ವೇಗ 6000ದಿಂದ 4800ಕ್ಕೆ ಇಳಿಯಿತು. ಎರಡೂ ಒಟ್ಟಿಗೆ ಪಾಸ್.

ವಿಷಯ ಇಲ್ಲಿದೆ. ರ‍್ಯಾಮ್ ಡಬ್ಬದ ಮೇಲೆ 6000 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಈ ಪ್ರೊಸೆಸರಿಗೆ ಎಎಂಡಿ ಅಧಿಕೃತವಾಗಿ ಹೇಳುವುದು 5200. ಅದರ ಮೇಲಿನದ್ದೆಲ್ಲ ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚಿನ ವೇಗ. ಎಕ್ಸ್‌ಪೋ ಆನ್ ಮಾಡಿದರೆ ವೇಗದ ಜೊತೆ ವೋಲ್ಟೇಜೂ ಏರುತ್ತದೆ. ನನ್ನ ಕಡ್ಡಿಗಳಲ್ಲಿ 1.1ರಿಂದ 1.35ಕ್ಕೆ. ಕಿಟ್ ಆದರೆ ಎರಡನ್ನೂ ಜೊತೆಯಾಗಿ ಆ ವೇಗದಲ್ಲಿ ಪರೀಕ್ಷಿಸಿ ಕಳಿಸಿರುತ್ತಾರೆ. ಬಿಡಿ ಕಡ್ಡಿಗೆ ಆ ಭರವಸೆ ಇಲ್ಲ. ಸಿಪಿಯು-ಝಡ್ ಅನ್ನೋ ಪ್ರೋಗ್ರಾಂ ತೆರೆದು ನೋಡಿದರೆ ನನ್ನ ಎರಡು ಕಡ್ಡಿಯೊಳಗಿನ ಚಿಪ್ ಬೇರೆ ಬೇರೆ ಕಂಪನಿಯವು. ಮೇಲಿನ ಸ್ಟಿಕ್ಕರ್, ಮಾಡೆಲ್ ನಂಬರ್ ಮಾತ್ರ ಒಂದೇ.

ಅಂಗಡಿಗೆ ಫೋನ್ ಮಾಡಿದೆ. "ಮೇಡಂ, ಡಿಡಿಆರ್5 ಅಲ್ವಾ, ಅದರಲ್ಲೇ ಇಸಿಸಿ ಇರುತ್ತೆ. ಎರರ್ ಬರೋಕೆ ಚಾನ್ಸೇ ಇಲ್ಲ." ಈ ಮಾತು ಯೂಟ್ಯೂಬಿನಲ್ಲೂ ಜಾಸ್ತಿ ಕೇಳಿಬರುತ್ತದೆ. ಇಸಿಸಿ ಅಂದರೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ. ಆದರೆ ಡಿಡಿಆರ್5 ತಿದ್ದಿಕೊಳ್ಳುವುದು ಚಿಪ್ಪಿನ ಒಳಗಿನ ತಪ್ಪನ್ನು ಮಾತ್ರ. ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಆದ ತಪ್ಪು ಅದರ ಲೆಕ್ಕಕ್ಕೇ ಬರುವುದಿಲ್ಲ. ಮೆಮ್‌ಟೆಸ್ಟ್ ಫೋಟೋ ಕಳಿಸಿದ ಮೇಲೆ ಅವರು ಕಿಟ್ ಬಂದರೆ ಬದಲಿಸಿ ಕೊಡಲು ಒಪ್ಪಿದರು. ಬೆಲೆ ವ್ಯತ್ಯಾಸ ನಾವೇ ಕಟ್ಟಬೇಕು. 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೇರಿದ್ದು ಗೊತ್ತಲ್ಲ, ಎಐ ಡೇಟಾ ಸೆಂಟರ್‌ಗಳ ಪುಣ್ಯ. ಆ ವ್ಯತ್ಯಾಸದ ದುಡ್ಡಿನಲ್ಲಿ ಇನ್ನೊಂದು ಎಸ್‌ಎಸ್‌ಡಿ ಬರುತ್ತಿತ್ತು.

ಅದಕ್ಕೇ ಇದ್ದ ಕಡ್ಡಿಗಳನ್ನೇ ಇಟ್ಟುಕೊಂಡು ಬಯಾಸ್ ಅಪ್‌ಡೇಟ್ ಮಾಡಿದೆ. 6000ದಲ್ಲಿ ಆಗಲೂ ಎರರ್. 5600ರಲ್ಲಿ ಪಾಸಾಯಿತು. ಆದರೂ 5200ಕ್ಕೇ ಇಟ್ಟಿದ್ದೇನೆ. ಫೋಟೋಶಾಪಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ. ಆ ಪಿಸಿಯಲ್ಲಿ ಕಾಪಿಯಾಗಿದ್ದ ಮದುವೆಗಳನ್ನೆಲ್ಲ ಅಳಿಸಿ, ಕಾರ್ಡಿನಿಂದ ಮತ್ತೆ ಹಾಕಿಕೊಂಡು, ಹ್ಯಾಶ್ ಹೋಲಿಸಿ ನೋಡಿದೆ. ಅಲ್ಲಿಯವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡದೆ ಕಾದ ಫೋಟೋಗ್ರಾಫರ್ ಹುಡುಗನಿಗೆ ಒಂದು ಮಸಾಲೆ ದೋಸೆ ಬಾಕಿ ಇದೆ.