ನಂದಿ ಕೋಟೆ, ವಿದುರಾಶ್ವತ್ಥದ ವೀರಸೌಧ: ಒಂದೇ ದಿನದಲ್ಲಿ ನೋಡುವುದಾದರೆ

ನಂದಿ ಬೆಟ್ಟಕ್ಕೆ ಹೋದವರು ಮಂಜು ನೋಡಿ, ಫೋಟೋ ತೆಗೆದು, ಬಜ್ಜಿ ತಿಂದು ಇಳಿಯುತ್ತಾರೆ. ನಾವೂ ನಾಲ್ಕು ಸಲ ಅದನ್ನೇ ಮಾಡಿದವರು. ಈ ಸಲ ದೊಡ್ಡಪ್ಪ ಜೊತೆಗಿದ್ದರು. "ಕೋಟೆ ಗೋಡೆ ನೋಡದೆ ಬಂದ್ರೆ ಏನೋ ನೋಡ್ದಂಗಾಯ್ತು?" ಅಂತ ಗದರಿ ಕರೆದುಕೊಂಡು ಹೋದರು.

ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ 5.30ಕ್ಕೇ ಹೊರಡಿ. ಶನಿವಾರ, ಭಾನುವಾರ ಬೇಡವೇ ಬೇಡ, ಬೆಟ್ಟದ ರಸ್ತೆಯಲ್ಲಿ ಗಾಡಿಗಳ ಸಾಲಲ್ಲೇ ಬಿಸಿಲೇರುತ್ತದೆ. ಪ್ರವೇಶದ ಸಮಯ, ಬುಕಿಂಗ್ ನಿಯಮ ಆಗಾಗ ಬದಲಾಗುತ್ತವೆ, ಮೊದಲೇ ವಿಚಾರಿಸಿ.

ಬೆಟ್ಟದ ಎತ್ತರ 1,478 ಮೀಟರ್. ಕೋಟೆಯನ್ನು ಗಟ್ಟಿ ಮಾಡಿಸಿದ್ದು ಹೈದರಾಲಿ ಮತ್ತು ಟಿಪ್ಪು. ಗೋಡೆಯ ಪಕ್ಕ ನಿಂತು ಕೆಳಗೆ ಬಗ್ಗಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಸುತ್ತ ಕಡಿದಾದ ಬಂಡೆ, ಪಶ್ಚಿಮದ ಕಡೆ ಇಳಿಜಾರು ಸ್ವಲ್ಪ ಕಡಿಮೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಅದೇ ವರ್ಷ ಇಲ್ಲಿಗೂ ಬಂತು. ಆ ಇಳಿಜಾರಿನಲ್ಲಿ ಫಿರಂಗಿ ಎಳೆದು ಹತ್ತಿಸಿದ್ದಾರೆ ನೋಡಿ! ಬರಿಗೈಲಿ ಹತ್ತಿದ ನಮಗೇ ಏದುಸಿರು. ಸುಮಾರು ಮೂರು ವಾರ ಮುತ್ತಿಗೆ ನಡೆಯಿತು. ಗೋಡೆ ಒಡೆದ ಮೇಲೆ, ಅಕ್ಟೋಬರ್ 18ರ ರಾತ್ರಿ ಚಂದ್ರನ ಬೆಳಕು ನೋಡಿಕೊಂಡು ನುಗ್ಗಿದರು. ಒಳಗಿದ್ದವರು ದೊಡ್ಡ ದೊಡ್ಡ ಬಂಡೆಗಳನ್ನೇ ಉರುಳಿಸಿ ತಡೆದರಂತೆ. ಬೆಳಗಾಗುವಷ್ಟರಲ್ಲಿ ಕೋಟೆ ಕೈಬಿಟ್ಟಿತ್ತು.

ಹಿಡಿತ ಇರುವ ಬೂಟು ಹಾಕಿ, ಇಬ್ಬನಿಗೆ ಕಲ್ಲು ಜಾರುತ್ತದೆ. ಕೈಯಲ್ಲಿ ತಿಂಡಿ ಬೇಡ. ನಮ್ಮ ಚಕ್ಕುಲಿ ಪೊಟ್ಟಣ ಕೋತಿಯ ಪಾಲಾಯಿತು. ಟಿಪ್ಪುವಿನ ಬೇಸಿಗೆ ಮನೆಯನ್ನು ಹೊರಗಿಂದ ನೋಡಿ ಸಮಾಧಾನ ಮಾಡಿಕೊಳ್ಳಬೇಕು. ಗಾಂಧೀಜಿ 1927ರಲ್ಲಿ, ಮತ್ತೆ 1936ರಲ್ಲಿ ಬೆಟ್ಟದ ಮೇಲೆ ತಂಗಿದ್ದರು.

ಹತ್ತು ಗಂಟೆಗೆಲ್ಲ ಇಳಿದುಬಿಡಿ. ನಾವು ಹನ್ನೆರಡು ಮಾಡಿದೆವು, ಆಮೇಲೆ ಪಶ್ಚಾತ್ತಾಪ. ಗೌರಿಬಿದನೂರಿಗೆ ಒಂದು ಗಂಟೆ ಮೇಲೇ ಬೇಕು. ಅಲ್ಲಿ ಮುದ್ದೆ ಊಟ ಮುಗಿಸಿ. ವಿದುರಾಶ್ವತ್ಥ ಅಲ್ಲಿಂದ ಹತ್ತಿರ. ಕಾರಿಲ್ಲದವರು ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲಿನಲ್ಲಿ ಗೌರಿಬಿದನೂರಿಗೆ ಬಂದು ಆಟೋ ಹಿಡಿಯಬಹುದು, ಆದರೆ ಆಗ ನಂದಿ ಬಿಡಬೇಕಾಗುತ್ತದೆ.

ಹೆಚ್ಚಿನವರು ಇಲ್ಲಿಗೆ ಬರುವುದು ನಾಗರಕಲ್ಲಿನ ಪೂಜೆಗೆ. ಸಾಲು ಸಾಲು ಸಾವಿರಾರು ಕಲ್ಲುಗಳು. ಹಳೆಯ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ಪೂಜೆ ಮುಗಿಸಿ ಹಾಗೇ ಹೊರಟುಬಿಡಬೇಡಿ, ಸ್ವಾತಂತ್ರ್ಯ ಹೋರಾಟದಲ್ಲಿ ಇಲ್ಲಿ ಮಡಿದವರ ಸ್ಮಾರಕವಾದ ವೀರಸೌಧ ನೋಡಿ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ, ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸುವ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಬಿಸಿ ಇಲ್ಲಿಗೂ ತಟ್ಟಿತು. ಆಗ ಇದು ಕೋಲಾರ ಜಿಲ್ಲೆ. ನಿಷೇಧ ಇದ್ದರೂ ಜನ ಬಾವುಟ ಹಿಡಿದು ಸೇರಿದರು. ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಜನ ಅಂತ ಇಲ್ಲಿ ಹೇಳುತ್ತಾರೆ, ಆಗಿನ ಸರ್ಕಾರ ಒಪ್ಪಿದ ಲೆಕ್ಕ ಅದಕ್ಕಿಂತ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಬಂದದ್ದು ಹೀಗೆ. ಆಮೇಲೆ ಸರ್ದಾರ್ ಪಟೇಲರು ಬಂದು ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು.

ಒಳಗೆ ಚಿತ್ರಗಳಿವೆ, ಹೊರಗೆ ಸ್ತೂಪ ಇದೆ. ಕಡಿಮೆ ಅಂದರೂ ಒಂದು ಗಂಟೆ ಇಟ್ಟುಕೊಳ್ಳಿ. ನಮಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ದೊಡ್ಡಪ್ಪ ಅರ್ಧ ಓದಿದ್ದ ಫಲಕ ಬಿಟ್ಟು ಬರಬೇಕಾಯಿತು. ಕಾರು ಹತ್ತಿದವರೇ, "ಶಿವಪುರಕ್ಕೆ ಯಾವಾಗ ಕರ್ಕೊಂಡ್ ಹೋಗ್ತೀಯ? ಆವತ್ತು ನಾನು ಹೇಳಿದ ಟೈಮಿಗೆ ಹೊರಡಬೇಕು" ಅಂದರು.